ಕಂಕುಳಲ್ಲಿ ಕೂಸು, ಕೈಯಲ್ಲಿ ಪಾಸ್‌ಪೋರ್ಟ್: ಮಕ್ಕಳನ್ನ ಕರ್ಕೊಂಡು ವಿದೇಶಕ್ಕೆ ಹೊರಡೋ ಮುಂಚೆ

ನಾನು ಮಾತಾಡ್ತಿರೋದು ಎಚ್.ಡಿ. ಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟ್‌ನಿಂದ. ಇಲ್ಲಿ ನಂದೊಂದು ಸಣ್ಣ ಆನ್‌ಲೈನ್ ಸೇವೆ ಅಂಗಡಿ. ಪಹಣಿ, ಆದಾಯ ಪ್ರಮಾಣಪತ್ರ, ಪಾಸ್‌ಪೋರ್ಟ್ ಅರ್ಜಿ, ಇದೇ ನನ್ನ ಕೆಲಸ. ಅದಕ್ಕೂ ಮುಂಚೆ ನಾಲ್ಕು ವರ್ಷ ಹುಣಸೂರಲ್ಲಿ ಇಂಥದ್ದೇ ಅಂಗಡಿಯಲ್ಲಿದ್ದೆ.

ಇವತ್ತಿನ ವಿಷಯ, ಹಾಲು ಕುಡಿಯೋ ಮಗು, ಚಿಕ್ಕ ಮಕ್ಕಳನ್ನ ಕರ್ಕೊಂಡು ವಿದೇಶಕ್ಕೆ ಹೋಗೋದು. ಈ ವಿಷಯ ಅಂದ ತಕ್ಷಣ ನಿಮ್ಮ ಕಣ್ಮುಂದೆ ಬರೋದು ಬೆಂಗಳೂರಿನ ಐಟಿ ದಂಪತಿ, ಸ್ಟ್ರಾಲರ್, ಅಮೆರಿಕ. ಆದರೆ ನಮ್ಮ ಸೀಮೆಯಲ್ಲಿ ಪಾಸ್‌ಪೋರ್ಟ್ ತುಂಬ ಸವೆಸಿರೋರು ಬೇರೆ ಜನ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು. ಇನ್‌ಸ್ಟಾಗ್ರಾಂನಲ್ಲಿ ಆದಿವಾಸಿ ಹೇರ್ ಆಯಿಲ್ ರೀಲ್ಸ್ ನೋಡಿರ್ತೀರಲ್ಲ, ಅದೇ ಸಮುದಾಯ. ಮನೆಯಲ್ಲಿ ಅವರ ಮಾತು ವಾಗ್ರಿ ಬೋಲಿ. ಹಿಂದೆ ಹಕ್ಕಿ ಹಿಡಿದು ಬದುಕ್ತಿದ್ದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬು ನಿಂತುಹೋಯ್ತು. ಆಮೇಲೆ ಗಿಡಮೂಲಿಕೆ ಎಣ್ಣೆ, ಔಷಧಿ ಹಿಡ್ಕೊಂಡು ಊರೂರು ಸುತ್ತಿ, ಕೊನೆಗೆ ಆಫ್ರಿಕಾದ ದೇಶಗಳ ತನಕ ಹೋದರು. ಗಂಡ ಹೆಂಡತಿ ಇಬ್ಬರೂ ಹೋಗ್ತಾರೆ. ಹಾಗಾದ್ರೆ ಮಗು? ಅಲ್ಲಿಂದಲೇ ಶುರುವಾಗೋದು ಪ್ರಶ್ನೆ.

2023ರ ಏಪ್ರಿಲ್ 15ಕ್ಕೆ ಸುಡಾನ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಶುರುವಾಯ್ತು. ನಮ್ಮ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕ್ಕೊಂಡ ಸುದ್ದಿ ಎಲ್ಲ ಟಿವಿಯಲ್ಲೂ ಬಂತು. ನಮ್ಮ ಚುನಾವಣೆ ಕಾವಿನಲ್ಲೂ ಅದು ದೊಡ್ಡ ಸುದ್ದಿಯಾಯ್ತು. ಕೇಂದ್ರ ಸರ್ಕಾರ ಆಪರೇಷನ್ ಕಾವೇರಿ ಅಂತ ಹೆಸರಿಟ್ಟು, ಪೋರ್ಟ್ ಸುಡಾನ್‌ನಿಂದ ಹಡಗು, ವಿಮಾನಗಳಲ್ಲಿ ಜನರನ್ನ ಜೆಡ್ಡಾಗೆ ತಂದು, ಅಲ್ಲಿಂದ ಭಾರತಕ್ಕೆ ಕರ್ಕೊಂಡು ಬಂತು. ಯುದ್ಧ ತಪ್ಪಿಸ್ಕೊಂಡು ಬೆಂಗಳೂರಲ್ಲಿ ಇಳಿದರೂ ಕೆಲವರು ನೇರ ಮನೆಗೆ ಹೋಗೋಕಾಗ್ಲಿಲ್ಲ. ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ ಇಲ್ಲದವರನ್ನ ಪ್ರತ್ಯೇಕವಾಗಿ ಇರಿಸಿದರು.

ಈ ಹಳದಿ ಜ್ವರ ಅಂದ್ರೆ ನಮ್ಮಲ್ಲಿ ಹೇಳೋ ಕಾಮಾಲೆ ಅಲ್ಲ. ಇದು ಸೊಳ್ಳೆಯಿಂದ ಬರೋ ಬೇರೆ ವೈರಸ್. ಆಫ್ರಿಕಾದ ಹಲವು ದೇಶ, ದಕ್ಷಿಣ ಅಮೆರಿಕದ ಕೆಲವು ದೇಶಗಳಲ್ಲಿದೆ. ಭಾರತದಲ್ಲಿ ಇಲ್ಲ. ಆದರೆ ಅದನ್ನ ಹರಡೋ ಸೊಳ್ಳೆ ನಮ್ಮಲ್ಲಿದೆ, ಡೆಂಗಿ ತರೋ ಅದೇ ಸೊಳ್ಳೆ. ಅದಕ್ಕೇ ಸರ್ಕಾರ ಇಷ್ಟು ಬಿಗಿ. ಆ ದೇಶಗಳಿಂದ ಹೊರಟು 6 ದಿನದೊಳಗೆ ಇಲ್ಲಿಗೆ ಬರೋರ ಹತ್ರ ಲಸಿಕೆ ಕಾರ್ಡ್ ಇಲ್ಲದಿದ್ರೆ 6 ದಿನದ ತನಕ ಪ್ರತ್ಯೇಕವಾಗಿ ಇಡಬಹುದು. 6 ತಿಂಗಳೊಳಗಿನ ಕೂಸಿಗೆ ಮಾತ್ರ ವಿನಾಯಿತಿ.

ಈಗ ಮಗುವಿನ ಲೆಕ್ಕಕ್ಕೆ ಬನ್ನಿ. ಲಸಿಕೆ ಸಾಮಾನ್ಯವಾಗಿ ಕೊಡೋದು 9 ತಿಂಗಳು ತುಂಬಿದ ಮೇಲೆ. 6 ತಿಂಗಳೊಳಗೆ ಕೊಡೋ ಹಾಗೇ ಇಲ್ಲ. ಅಂದ್ರೆ 6ರಿಂದ 9 ತಿಂಗಳ ಮಗು ಎರಡಕ್ಕೂ ಸೇರದೆ ನಡುವೆ ಸಿಕ್ಕಿಹಾಕ್ಕೊಳ್ಳುತ್ತೆ. ವಿನಾಯಿತಿ ವಯಸ್ಸು ದಾಟಿರುತ್ತೆ, ಲಸಿಕೆ ವಯಸ್ಸು ಬಂದಿರಲ್ಲ. ಜೊತೆಗೆ, ಲಸಿಕೆ ಹಾಕಿಸಿ 10 ದಿನ ಆದ ಮೇಲಷ್ಟೇ ಕಾರ್ಡಿಗೆ ಬೆಲೆ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತೆ, 2016ರಿಂದ ಆ ನಿಯಮ ಇದೆ. ಆದರೆ ಸಿಕ್ಕ ಸಿಕ್ಕ ಆಸ್ಪತ್ರೆಯಲ್ಲಿ ಹಾಕಿಸೋಕಾಗಲ್ಲ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಆಗಬೇಕು, ಬೆಂಗಳೂರಿನಲ್ಲಿವೆ.

ಹುಣಸೂರಿನ ಅಂಗಡಿಗೆ ಒಂದು ಜೋಡಿ ಬಂದಿತ್ತು. ಮಗುವಿಗೆ 7 ತಿಂಗಳು. ಪಶ್ಚಿಮ ಆಫ್ರಿಕಾದ ಒಂದು ದೇಶಕ್ಕೆ ಮೂರು ಜನಕ್ಕೂ ಟಿಕೆಟ್ ನೋಡಿ ಅಂದ್ರು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ತೆಗೆದು ತೋರಿಸ್ದೆ. ಅಕ್ಕ, 9 ತಿಂಗಳು ತುಂಬೋದು ಈ ದಿನ, ಲಸಿಕೆ ಆಮೇಲೆ, ಅದರ ಮೇಲೆ ಹತ್ತು ದಿನ. ಆ ಅಕ್ಕ ಸುಮಾರು ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ ಗಂಡನಿಗೆ ಅಂದ್ಳು, 'ನೀನು ಹೋಗು, ನಾನೂ ಮಗೂನೂ ಆಮೇಲೆ ಬತ್ತೀವಿ.' ಅವರಿಗೆ ಅದು ಸುಲಭದ ಮಾತಲ್ಲ. ಇಬ್ಬರು ಸುತ್ತಿ ಮಾರಿದರೆ ಬರೋ ದುಡ್ಡು ಒಬ್ಬರಿಂದ ಬರಲ್ಲ. ಸಾಲ ತಂದು ಸರಕು ಮಾಡಿರ್ತಾರೆ.

ಇಲ್ಲಿ ತಾಯಂದಿರು ಇನ್ನೊಂದು ಮಾತು ಕೇಳಿಸ್ಕೊಳ್ಳಿ. ಎದೆಹಾಲು ಕುಡಿಸ್ತಿದ್ರೆ, ಅದರಲ್ಲೂ ಮಗು ತೀರಾ ಚಿಕ್ಕದಿದ್ರೆ, ನೀವು ಹಳದಿ ಜ್ವರದ ಲಸಿಕೆ ತಗೊಳ್ಳೋ ಮುಂಚೆ ಡಾಕ್ಟರ್‌ಗೆ ಹೇಳಲೇಬೇಕು. ಅದು ಜೀವಂತ ವೈರಸ್ ಇರೋ ಲಸಿಕೆ, ಹಾಲಿನ ಮೂಲಕ ಕೂಸಿಗೆ ತಲುಪಿದ ಅಪರೂಪದ ಪ್ರಕರಣಗಳಿವೆ. ಹಾಗೇ 9 ತಿಂಗಳಿಗೆ ಅಂಗನವಾಡಿಯಲ್ಲಿ ದಡಾರ–ರುಬೆಲ್ಲಾ ಲಸಿಕೆ ಹಾಕ್ತಾರಲ್ಲ, ಅದೂ ಜೀವಂತ ಲಸಿಕೆ. ಇಂಥ ಎರಡು ಲಸಿಕೆಯನ್ನ ಒಂದೇ ದಿನ ಕೊಡಬೇಕು, ಇಲ್ಲ ಅಂದ್ರೆ ನಡುವೆ 4 ವಾರ ಬಿಡಬೇಕು. ಅದಕ್ಕೇ ತಾಯಿ ಕಾರ್ಡ್ ಎತ್ಕೊಂಡೇ ಹೋಗಿ, ಡಾಕ್ಟರ್ ನೋಡಿ ಹೇಳ್ತಾರೆ.

ಸರಿ, ಕಾಗದಪತ್ರ. ನನ್ನ ಅಂಗಡಿಯಲ್ಲಿ ಅರ್ಧ ಗೋಳು ಇದೇ.

ಮೊದಲನೇದು ಜನನ ಪ್ರಮಾಣಪತ್ರ. ಹುಟ್ಟಿ 21 ದಿನದೊಳಗೆ ನೋಂದಣಿ ಮಾಡಿಸಿದರೆ ಒಂದು ರೂಪಾಯಿ ಖರ್ಚಿಲ್ಲ. ಒಂದು ವರ್ಷ ದಾಟಿದ್ರೆ ಆದೇಶ ತರಬೇಕು, ಅಲೆದಾಟ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಪಾಸ್‌ಪೋರ್ಟಿಗೆ ಹುಟ್ಟಿದ ದಿನಾಂಕದ ದಾಖಲೆ ಇದೊಂದೇ. ನಮ್ಮ ಕಡೆ ಹೆಸರಿಡೋದು ತಡ ಆಗುತ್ತೆ, ಹಾಗಾಗಿ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತೆ. ಒಂದು ವರ್ಷದೊಳಗೆ ಹೆಸರು ಸೇರಿಸೋಕೆ ಶುಲ್ಕ ಇಲ್ಲ. ತೊಟ್ಟಿಲು ಶಾಸ್ತ್ರ ಆದ ವಾರವೇ ಹೋಗಿ ಸೇರಿಸಿ. ಅಪ್ಪ ಅಮ್ಮನ ಹೆಸರಿನ ಅಕ್ಷರ ಅವರ ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಇದೆಯಾ ನೋಡಿ.

ಎರಡನೇದು, ಮಗುವಿಗೂ ಸ್ವಂತ ಪಾಸ್‌ಪೋರ್ಟ್ ಬೇಕು. ಅಮ್ಮನ ಪಾಸ್‌ಪೋರ್ಟಲ್ಲಿ ಸೇರಿಸಿದ್ರೆ ಸಾಕಲ್ವಾ ಅಂತ ಹಿರಿಯರು ಕೇಳ್ತಾರೆ, ಆ ಕಾಲ ಹೋಯ್ತು. ಮಕ್ಕಳ ಪಾಸ್‌ಪೋರ್ಟ್ 5 ವರ್ಷ ನಡೆಯುತ್ತೆ. ತಂದೆ ತಾಯಿ ಇಬ್ಬರೂ ಅನುಬಂಧ ಡಿ ಅನ್ನೋ ಘೋಷಣೆಗೆ ಸಹಿ ಹಾಕಬೇಕು. ಗಂಡ ಬಿಟ್ಟುಹೋಗಿದ್ದಾನೆ, ಸಹಿ ಎಲ್ಲಿಂದ ತರ್ಲಿ ಅಂತ ಕಣ್ಣೀರು ಹಾಕಿದವರಿದ್ದಾರೆ. ತಾಯಿ ಒಬ್ಬಳೇ ಅರ್ಜಿ ಹಾಕೋಕೂ ದಾರಿ ಇದೆ, ಅದು ಅನುಬಂಧ ಸಿ. ಆಗಲ್ಲ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಗೇ ವಾಪಸ್ ಬರಬೇಡಿ. 4 ವರ್ಷದೊಳಗಿನ ಮಗುವಿನ ಫೋಟೋ ನೀವೇ ತಗೊಂಡು ಹೋಗಬೇಕು, ಬಿಳಿ ಹಿನ್ನೆಲೆ ಇರಬೇಕು. ನಮ್ಮವರಿಗೆ ಇದು ದೂರದ ಕೆಲಸವೂ ಅಲ್ಲ. ದೇಶದಲ್ಲಿ ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ಶುರುವಾದಾಗ, 2017ರ ಜನವರಿಯಲ್ಲಿ, ಮೊದಲು ತೆರೆದ ಊರುಗಳಲ್ಲಿ ಮೈಸೂರೂ ಒಂದು.

ಮೂರನೇದು, ಅಪ್ಪ ಅಮ್ಮನಲ್ಲಿ ಒಬ್ಬರೇ ಮಗುವಿನ ಜೊತೆ ಹೊರಟ್ರೆ, ಇನ್ನೊಬ್ಬರ ಒಪ್ಪಿಗೆ ಪತ್ರ ನೋಟರಿ ಮಾಡಿಸಿ ಇಟ್ಕೊಳ್ಳಿ. ಕೆಲವು ದೇಶಗಳಲ್ಲಿ ಕೇಳ್ತಾರೆ. ಆ ಹುಣಸೂರಿನ ಅಕ್ಕನಿಗೂ ಇದನ್ನೇ ಹೇಳಿದ್ದೆ.

ನಾಲ್ಕನೇದು, ಮಗು ವಿದೇಶದಲ್ಲೇ ಹುಟ್ಟಿದ್ರೆ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಅಪ್ಪ ಅಮ್ಮ ಭಾರತೀಯರು, ಮಗೂನೂ ತಾನಾಗೇ ಭಾರತೀಯ ಅಂದ್ಕೊಂಡು ಸುಮ್ಮನಿರಬೇಡಿ. 2004ರ ಡಿಸೆಂಬರ್ ನಂತರ ಕಾನೂನು ಹಾಗಿಲ್ಲ.

ಇನ್ನು ಪ್ರಯಾಣ. 2 ವರ್ಷದೊಳಗಿನ ಮಗುವಿಗೆ ಮಡಿಲಲ್ಲೇ ಜಾಗ, ಟಿಕೆಟ್ ದರದ ಸ್ವಲ್ಪ ಭಾಗ ಮಾತ್ರ ತಗೊಳ್ತಾರೆ. ಹೋಗುವಾಗ ಎರಡು ತುಂಬದೆ, ಬರುವಾಗ ತುಂಬಿದ್ದರೆ, ವಾಪಸ್ ಬರೋಕೆ ಸೀಟು ಬೇಕಾಗುತ್ತೆ, ಮೊದಲೇ ಲೆಕ್ಕ ಹಾಕಿ. ತೊಟ್ಟಿಲಿನಂಥ ಬ್ಯಾಸಿನೆಟ್ ವಿಮಾನದಲ್ಲಿ ಕೆಲವೇ ಇರುತ್ತೆ, ಬುಕ್ ಮಾಡುವಾಗಲೇ ಫೋನ್ ಮಾಡಿ ಕೇಳಿ. 100 ಎಂಎಲ್ ದ್ರವದ ಮಿತಿ ಮಗುವಿನ ಹಾಲು, ಊಟಕ್ಕೆ ಅನ್ವಯಿಸಲ್ಲ, ಪ್ರಯಾಣಕ್ಕೆ ಬೇಕಾದಷ್ಟು ಒಯ್ಯಬಹುದು. ವಿಮಾನ ಇಳಿಯುವಾಗ ಮಗು ಕಿರುಚೋದು ಹಟಕ್ಕಲ್ಲ, ಕಿವಿ ನೋವಿಗೆ. ಆಗ ಹಾಲು ಕುಡಿಸಿ, ನುಂಗುವಾಗ ಕಿವಿ ಬಿಡುತ್ತೆ.

ಅಜ್ಜಿ ಕಟ್ಟಿಕೊಡೋ ರಾಗಿ ಸರಿಹಿಟ್ಟು ಬೇಡ ಅನ್ನಲ್ಲ ನಾನು. ಆದರೆ ಆಸ್ಟ್ರೇಲಿಯಾದಂಥ ದೇಶದಲ್ಲಿ ತಿನ್ನೋ ಪದಾರ್ಥ ಏನಿದ್ರೂ ಫಾರಂನಲ್ಲಿ ಬರೀಬೇಕು, ಬಚ್ಚಿಟ್ರೆ ದಂಡ. ಗಸಗಸೆಯನ್ನಂತೂ ಗಲ್ಫ್ ಕಡೆಗೆ ಒಯ್ಯಲೇಬೇಡಿ. ನಮಗದು ಪಾಯಸದ ಸಾಮಾನು, ದುಬೈ, ಸೌದಿಯಲ್ಲಿ ಮಾದಕ ವಸ್ತು ಪಟ್ಟಿಯಲ್ಲಿದೆ. ಔಷಧಿ ಇದ್ರೆ ಡಾಕ್ಟರ್ ಚೀಟಿ ಜೊತೆಗಿರಲಿ.

ನಮ್ಮೂರಿನವರಿಗೆ ಮಾತ್ರ ಒಂದು ಮಾತು. ಗಲ್ಫ್‌ಗೆ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ, ಮಾನಂದವಾಡಿ ಮೇಲೆ ಹೋಗ್ಬಿಡೋಣ ಅಂತ ಸುಮಾರು ಜನ ಹೊರಡ್ತಾರೆ. ಬಾವಲಿ ಕಾಡಿನ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರ ತನಕ ಬಂದ್. ಬೆಳಗಿನ ಜಾವದ ವಿಮಾನ ಇದ್ರೆ ಹಿಂದಿನ ದಿನ ಮಧ್ಯಾಹ್ನವೇ ಮಗೂನ ಕರ್ಕೊಂಡು ಹೊರಟುಬಿಡಿ. ಬೆಂಗಳೂರಿಗಾದ್ರೆ ಮೈಸೂರಿನಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ಕೆಂಪೇಗೌಡ ನಿಲ್ದಾಣಕ್ಕೆ ಹೋಗುತ್ತೆ. ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಲ್ಲಿ.

ಕೊನೆಯದಾಗಿ ಕಷ್ಟದ ಪ್ರಶ್ನೆ. ಮಗೂನ ಕರ್ಕೊಂಡು ಹೋಗೋದಾ, ಅಜ್ಜಿ ಹತ್ರ ಬಿಟ್ಟು ಹೋಗೋದಾ? ಹೊರಗಿನವರು ಎರಡಕ್ಕೂ ಬೈತಾರೆ. ಬಿಟ್ಟುಹೋದ್ರೆ ಕಲ್ಲು ಮನಸ್ಸು ಅಂತಾರೆ, ಕರ್ಕೊಂಡು ಹೋದ್ರೆ ಕೂಸಿನ ಜೀವಕ್ಕೆ ಬೆಲೆ ಇಲ್ವಾ ಅಂತಾರೆ. ಬೆಂಗಳೂರಿನ ಎಂಜಿನಿಯರ್ ಹೆಂಡತಿ ಮಗು ಜೊತೆ ಜರ್ಮನಿಗೆ ಹೋದ್ರೆ ಅದೇ ಜನ ಅಭಿನಂದನೆ ಹೇಳ್ತಾರೆ. ನಾನು ಯಾರಿಗೂ ಹೀಗೇ ಮಾಡಿ ಅನ್ನಲ್ಲ. ಮಲೇರಿಯಾ ಇರೋ ಜಾಗ, ಆಸ್ಪತ್ರೆ ದೂರ, ಗಲಾಟೆ ಇರೋ ದೇಶ ಅಂದ್ರೆ ಅಜ್ಜಿ ಮನೆಯೇ ವಾಸಿ ಅಂತ ನನ್ನ ಅನಿಸಿಕೆ. ಶಾಲೆಗೆ ಹೋಗೋ ಮಗು ಅಂದ್ರೆ ಇನ್ನೂ ಯೋಚನೆ ಮಾಡಬೇಕು, ಆರು ತಿಂಗಳು ಬಿಟ್ಟ ಶಾಲೆಗೆ ಮತ್ತೆ ಹೊಂದಿಕೊಳ್ಳೋದು ಕಷ್ಟ. ಆದರೆ ತೀರ್ಮಾನ ನಿಮ್ಮದಾಗಿರಲಿ. ಜನನ ಪತ್ರ ಇಲ್ಲ, ಲಸಿಕೆ ಆಗ್ಲಿಲ್ಲ ಅನ್ನೋ ಕಾರಣಕ್ಕೆ ಮಗು ಹಿಂದೆ ಉಳಿಯೋ ಹಾಗಾಗಬಾರದು.

ಹೋಗೋದೇ ಆದ್ರೆ, ತಲುಪಿದ ವಾರದಲ್ಲೇ ಭಾರತೀಯ ರಾಯಭಾರ ಕಚೇರಿಯಲ್ಲಿ ಮಕ್ಕಳ ಹೆಸರನ್ನೂ ಸೇರಿಸಿ ನೋಂದಾಯಿಸಿ. ಯುದ್ಧ ಶುರುವಾದ ಮೇಲೆ ನೆಟ್‌ವರ್ಕ್ ಸಿಗುತ್ತೋ ಇಲ್ವೋ ಗೊತ್ತಿಲ್ಲ. ಎಲ್ಲರ ಪಾಸ್‌ಪೋರ್ಟ್, ಲಸಿಕೆ ಕಾರ್ಡ್ ಫೋಟೋ ತೆಗೆದು ಊರಲ್ಲಿ ಓದು ಬಲ್ಲ ಒಬ್ಬರ ವಾಟ್ಸ್‌ಆ್ಯಪ್‌ಗೆ ಕಳಿಸಿಡಿ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಒಂದು ವರ್ಷದೊಳಗಿನ ಮಗು ಇದ್ರೆ, ಆ ತಾಯಿಗೆ ಇದನ್ನ ಕಳಿಸಿ. ವಿದೇಶದ ಮಾತು ಆಮೇಲೆ, ಮೊದಲು ಜನನ ಪತ್ರದಲ್ಲಿ ಹೆಸರು ಸೇರಿದೆಯಾ ಅಂತ ಇವತ್ತೇ ತೆಗೆದು ನೋಡಲಿ.