ಮೈದಾನದ ಕೋಟೆಯೂ ನಾವೂ



ಕಲ್ಕತ್ತೆಗೆ ಬಂದ ಹೊಸತರಲ್ಲಿ ಖಿದಿರ್‌ಪುರದ ಟ್ರಾಮಿನಲ್ಲಿ ಕುಳಿತು ಮೈದಾನವನ್ನು ದಾಟುವಾಗಲೆಲ್ಲ ನಾನು ಕೋಟೆಯನ್ನು ಹುಡುಕುತ್ತಿದ್ದೆ. ಚಿತ್ರದುರ್ಗವನ್ನು ಕಂಡ ಕಣ್ಣಿಗೆ ಕೋಟೆಯೆಂದರೆ ಬೆಟ್ಟವನ್ನೇರಿದ ಕಲ್ಲು. ಇಲ್ಲಿಯೋ, ಹುಲ್ಲುದಿಬ್ಬದಾಚೆ ಇಣುಕುವ ಬ್ಯಾರಕುಗಳ ಮೇಲಂತಸ್ತು ಬಿಟ್ಟರೆ ಬೇರೇನೂ ಕಾಣದು. ಫೋರ್ಟ್ ವಿಲಿಯಂ ತಗ್ಗಿ ಕುಳಿತ ಕೋಟೆ. ಇಂದಿನ ಜಿ.ಪಿ.ಓ. ಇರುವೆಡೆಯಲ್ಲಿದ್ದ ಹಳೆಯ ಕೋಟೆಯನ್ನು 1756ರಲ್ಲಿ ಸಿರಾಜುದ್ದೌಲ ಹಿಡಿದ. ಪ್ಲಾಸಿಯ ಗೆಲುವಿನ ಮರುವರ್ಷ, 1758ರಲ್ಲಿ, ಕ್ಲೈವ್ ಹೊಸ ಕೋಟೆಗೆ ಕೈಹಾಕಿದ. ಅದು ಮುಗಿದದ್ದು 1781ರಲ್ಲಿ. ಫಿರಂಗಿಗೆ ಅಡ್ಡಿಯಿಲ್ಲದ ಬಯಲು ಬೇಕೆಂದು ಗೋವಿಂದಪುರವೆಂಬ ಹಳ್ಳಿಯನ್ನೇ ಎಬ್ಬಿಸಿದರು. ನಾವು ಭಾನುವಾರ ಗಾಳಿ ಸೇವನೆಗೆ ಹೋಗುವ ಮೈದಾನ ಆ ಬಯಲೇ. ಇಷ್ಟೆಲ್ಲ ಮಾಡಿದ ಮೇಲೂ ಈ ಕೋಟೆಯಿಂದ ಶತ್ರುವಿನ ಮೇಲೆ ಒಂದು ಗುಂಡೂ ಹಾರಲಿಲ್ಲ.

ಹಾರಿದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ. ಕಂಪೆನಿಯ ಗವರ್ನರ್ ಜನರಲ್ಲನ ಅಧಿಕೃತ ಬಿರುದು 1833ರವರೆಗೂ 'ಫೋರ್ಟ್ ವಿಲಿಯಮ್ಮಿನ ಗವರ್ನರ್ ಜನರಲ್' ಎಂದೇ ಇತ್ತು. ಆ ಬಿರುದು ಹೊತ್ತ ವೆಲ್ಲೆಸ್ಲಿ ಯುದ್ಧವನ್ನು ಸನಿಹದಿಂದ ನಡೆಸಲು ತಾನೇ ಮದರಾಸಿಗೆ ಹೋಗಿ ಕುಳಿತ. 1799ರ ಮೇ 4ರಂದು ಪಟ್ಟಣ ಬಿದ್ದಿತು, ಟಿಪ್ಪು ಮಡಿದ. ಮುಂದಿನ ವರ್ಷ ವೆಲ್ಲೆಸ್ಲಿ ಇಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ತೆರೆದ. ಅದರ ಶಾಸನ ಜುಲೈನಲ್ಲಿ ಹೊರಟರೂ ಅದಕ್ಕೆ ಹಾಕಿಸಿದ ತಾರೀಖು 1800ರ ಮೇ 4. ನಮ್ಮ ಸೋಲಿನ ಮೊದಲ ವಾರ್ಷಿಕ ದಿನ!

ಕಾಲೇಜು ನಡೆದದ್ದು ಕೋಟೆಯೊಳಗಲ್ಲ, ರೈಟರ್ಸ್ ಬಿಲ್ಡಿಂಗಿನಲ್ಲಿ. ಟಿಪ್ಪುವಿನ ಗ್ರಂಥಭಂಡಾರದ ದೊಡ್ಡ ಪಾಲು ಅಲ್ಲಿಗೆ ಬಂದಿತು. ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಅದರ ವಿವರಣಾತ್ಮಕ ಪಟ್ಟಿಯನ್ನು ಪ್ರಕಟಿಸಿದ. ಬೋಧಿಸಬೇಕಾದ ಭಾಷೆಗಳ ಸಾಲಿನಲ್ಲಿ ಕನ್ನಡದ ಹೆಸರೂ ಇತ್ತು. ಅಲ್ಲಿ ಬಂಗಾಳಿ, ಸಂಸ್ಕೃತ ಕಲಿಸುತ್ತಿದ್ದ ವಿಲಿಯಂ ಕೇರಿ 1817ರಲ್ಲಿ ಹೂಗ್ಲಿಯ ದಂಡೆಯ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದ. ಹೊರನಾಡ ಕನ್ನಡಿಗರೆಂದು ಎದೆಯುಬ್ಬಿಸುವ ನಾವು ಆ ಪುಸ್ತಕದ ನೆನಪಿಗಾಗಿ ಒಮ್ಮೆಯಾದರೂ ಆ ಊರಿಗೆ ಹೋದದ್ದುಂಟೆ?

ಇನ್ನು ಬ್ಯಾರಕುಗಳ ವಿಚಾರ. ಗೋರಾ ಸಿಪಾಯಿಗಳಿದ್ದ ಮಾಳಿಗೆಗಳಲ್ಲಿ ಇಂದು ನಮ್ಮ ಸೈನಿಕರಿದ್ದಾರೆ. ಪೂರ್ವ ಕಮಾಂಡಿನ ಕೇಂದ್ರ 1963ರಲ್ಲಿ ಲಖನೌದಿಂದ ಇಲ್ಲಿಗೆ ಬಂದಿತು. ಅದಕ್ಕೂ ಮೊದಲೇ ನಮ್ಮ ಕೊಡಗಿನ ಕಾರ್ಯಪ್ಪನವರೂ ತಿಮ್ಮಯ್ಯನವರೂ ಆ ಕಮಾಂಡನ್ನು ಮುನ್ನಡೆಸಿದ್ದರು. 1971ರ ಬಾಂಗ್ಲಾ ಯುದ್ಧದ ಯೋಜನೆ, ಆಜ್ಞೆಗಳೆಲ್ಲ ಅರೋರಾ ಅವರ ಕೈಕೆಳಗೆ ಇಲ್ಲಿಂದಲೇ ಹೊರಟವು. ಒಳಗಿರುವ ಸೇನಾ ಸಂಗ್ರಹಾಲಯದಲ್ಲಿ ಕತ್ತಿ, ಬಂದೂಕುಗಳ ಜೊತೆಗೆ ಆ ಯುದ್ಧದ ಭಾವಚಿತ್ರಗಳೂ ಇವೆ. ದಂಡಿನವರ ಸಂಗ್ರಹಾಲಯ ಗೆಲುವಿನ ಮನೆ. ಅದು ಸಹಜ, ತಪ್ಪಲ್ಲ.

ಈಚೆಗೆ ಕೋಟೆಗೆ ವಿಜಯದುರ್ಗವೆಂದು ಹೆಸರಾಗಿದೆ. ಕಿಚನರ್ ಹೌಸ್ ಈಗ ಮಾಣಿಕ್‌ಷಾ ಹೌಸ್. ಕಿಚನರನ ಹೆಸರು ಹೋದುದಕ್ಕೆ ನನಗೆ ಕಿಂಚಿತ್ತೂ ವ್ಯಥೆಯಿಲ್ಲ. ಆದರೆ ಪಾಟಿಯ ಹೆಸರು ಅಳಿಸಿದಾಗ ಹಳೆಯ ಬಾಕಿಯ ಲೆಕ್ಕವೂ ಅಳಿಸಿಹೋಗುವ ಅಂಜಿಕೆ ನನ್ನದು. ಟಿಪ್ಪುವಿನ ವಿಷಯದಲ್ಲಿ ನಮ್ಮಲ್ಲಿ ಒಮ್ಮತವಿಲ್ಲ, ಬಲ್ಲೆ. ಕೊಡಗಿನವರ ನೆನಪು ಬೇರೆ, ಮಂಗಳೂರಿನ ಕ್ರೈಸ್ತರ ನೆನಪು ಬೇರೆ. ಜಗಳವಾಡಲಿಕ್ಕಾದರೂ ಕಥೆ ಗೊತ್ತಿರಬೇಕಷ್ಟೆ.

ಆ ಕಥೆಯ ಉಳಿದ ತುಂಡು ಕೋಟೆಯ ಹೊರಗೆ, ಧರ್ಮತಲೆಯ ಮೂಲೆಯಲ್ಲಿದೆ. 1806ರ ಜುಲೈನಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆಯೆದ್ದರು. ಅಲ್ಲಿ ಸೆರೆಯಲ್ಲಿದ್ದ ಟಿಪ್ಪುವಿನ ಮಕ್ಕಳನ್ನು ಕಂಪೆನಿ ಮೈಸೂರಿನಿಂದ ಇನ್ನೂ ದೂರ, ಈ ಊರಿನ ಟಾಲಿಗಂಜಿಗೆ ಸಾಗಿಸಿತು. ಅವರೊಳಗೆ ಕಿರಿಯ ಗುಲಾಂ ಮಹಮ್ಮದ್ ಧರ್ಮತಲೆಯಲ್ಲಿ ಮಸೀದಿ ಕಟ್ಟಿಸಿದ. 1842ರ ಶಿಲಾಫಲಕ ಇಂಗ್ಲಿಷಿನಲ್ಲಿದೆ. ಕಂಪೆನಿಯ ನಿರ್ದೇಶಕರು 1840ರಲ್ಲಿ ತನ್ನ ವರ್ಷಾಶನದ ಬಾಕಿಯನ್ನು ಕೊಡಮಾಡಿದ ನೆನಪಿಗೆ ಇದನ್ನು ಕಟ್ಟಿಸಿದೆನೆಂದು, ಶ್ರೀರಂಗಪಟ್ಟಣದ ದೊರೆಯ ಮಗ ಅದರಲ್ಲಿ ಬರೆಯಿಸಿದ್ದಾನೆ.