ಸೋಣೆ ತಿಂಗಳ ಪಯಣಿಗರು



ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹೇಳಿಕೊಳ್ಳುವಂಥ ದೊಡ್ಡ ಸರೋವರವಿಲ್ಲ. ಐದು ನದಿಗಳು ಕೂಡುವ ಪಂಚಗಂಗಾವಳಿ, ಮರವಂತೆಯಲ್ಲಿ ಕಡಲಿನ ಪಕ್ಕದಲ್ಲೇ ಹರಿಯುವ ಸೌಪರ್ಣಿಕಾ, ಕೋಡಿಬೆಂಗ್ರೆ ಬಳಿ ಸಮುದ್ರ ಸೇರುವ ಸೀತಾ ಮತ್ತು ಸ್ವರ್ಣಾ – ಈ ಹಿನ್ನೀರುಗಳೇ ನಮ್ಮ ಸರೋವರಗಳು. ಸೋಣೆ ತಿಂಗಳಲ್ಲಿ ಮಳೆ ಹೊಳವಾಗುತ್ತಿದ್ದಂತೆ ಇವುಗಳ ದಂಡೆಗೆ ದೂರದ ಅತಿಥಿಗಳು ಬರತೊಡಗುತ್ತಾರೆ.

ಮೊದಲು ಬರುವವು ಕೆಸರಿನಲ್ಲಿ ಮೇಯುವ ಗೊರವ, ಪ್ಲೋವರ್ ಹಕ್ಕಿಗಳು. ಸೈಬೀರಿಯಾ, ಟಿಬೆಟ್, ಮಧ್ಯ ಏಷ್ಯಾಗಳಲ್ಲಿ ಮರಿ ಮಾಡಿ, ಅಲ್ಲಿ ನೆಲ ಹೆಪ್ಪುಗಟ್ಟುವ ಮೊದಲೇ ದಕ್ಷಿಣಕ್ಕೆ ಹೊರಡುತ್ತವೆ. ಇವುಗಳನ್ನು ನೋಡಲು ಇಳಿತದ ಹೊತ್ತು ಒಳ್ಳೆಯದು. ನೀರು ಇಳಿದು ಕೆಸರು ತೆರೆದಾಗ ಗೊರವ ಕೊಕ್ಕನ್ನು ಚುಚ್ಚಿ ಹುಳ ಹುಡುಕುತ್ತದೆ. ಪ್ಲೋವರ್ ಓಡಿ, ನಿಂತು, ಕಣ್ಣಿನಿಂದಲೇ ಬೇಟೆ ಗುರುತಿಸುತ್ತದೆ.

ಇದೇ ದಿನಗಳಲ್ಲಿ ಗದ್ದೆ ಬಯಲಿನ ಮೇಲೆ ಹಳದಿ ಮೈಯ ಏರೋಪ್ಲೇನ್ ಚಿಟ್ಟೆಗಳು ಗುಂಪುಗುಂಪಾಗಿ ಸುಳಿಯುತ್ತವೆ. ಸುಮಾರು ಎರಡು ಅಂಗುಲದ ಈ ಕೀಟ ಸಮುದ್ರ ದಾಟುತ್ತದೆ ಎಂದರೆ ನಂಬುವುದು ಕಷ್ಟ. ಮಾಲ್ದೀವ್ಸ್‌ನಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆ್ಯಂಡರ್ಸನ್ ಅವರಿಗೆ ಒಂದು ಸಂಗತಿ ವಿಚಿತ್ರವೆನಿಸಿತು. ಆ ದ್ವೀಪಗಳಲ್ಲಿ ಮೇಲ್ಮೈಯಲ್ಲಿ ನಿಲ್ಲುವ ಸಿಹಿನೀರು ಇಲ್ಲವೆನ್ನುವಷ್ಟು ಕಡಿಮೆ. ಈ ಚಿಟ್ಟೆ ಮೊಟ್ಟೆಯಿಡುವುದು ಸಿಹಿನೀರಿನಲ್ಲಿ. ಆದರೂ ಪ್ರತಿವರ್ಷ ಅಕ್ಟೋಬರಿನಿಂದ ಅಲ್ಲಿ ಇವು ಅಪಾರವಾಗಿ ಕಾಣುತ್ತಿದ್ದವು. ಹಾಗಾದರೆ ಎಲ್ಲಿಂದ ಬಂದವು? ಭಾರತದಿಂದ ಎತ್ತರದ ಗಾಳಿಯನ್ನು ಬಳಸಿಕೊಂಡು ಬಂದು, ಮುಂದೆ ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ ಎಂದು ಅವರು 2009ರಲ್ಲಿ ವಾದಿಸಿದರು. ಹೋಗಿ ಬರುವ ಒಟ್ಟು ದಾರಿ 14,000ದಿಂದ 18,000 ಕಿಲೋಮೀಟರ್. ಒಂದೇ ಚಿಟ್ಟೆ ಇಷ್ಟನ್ನು ಮುಗಿಸುವುದಿಲ್ಲ. ಸುಮಾರು ನಾಲ್ಕು ತಲೆಮಾರು ಬೇಕು ಎಂಬುದು ಅವರ ಅಂದಾಜು. ಮಾಲ್ದೀವ್ಸ್‌ನಲ್ಲಿ ಹಿಡಿದ ಚಿಟ್ಟೆಗಳ ರೆಕ್ಕೆಯ ಜಲಜನಕವನ್ನು ಪರೀಕ್ಷಿಸಿದ 2012ರ ಅಧ್ಯಯನ, ಅವು ಉತ್ತರ ಭಾರತ ಅಥವಾ ಅದರಾಚೆಯ ನೀರಿನಲ್ಲಿ ಬೆಳೆದವು ಎಂದು ಸೂಚಿಸಿತು.

ಅದೇ ಕಡಲನ್ನು ದಾಟುವ ಅಮುರ್ ಚಾಣದಂಥ ಹಕ್ಕಿಗಳಿಗೆ ಈ ಚಿಟ್ಟೆಗಳೇ ದಾರಿಯ ಬುತ್ತಿ ಇರಬಹುದೆಂದೂ ಆ್ಯಂಡರ್ಸನ್ ಹೇಳಿದ್ದಾರೆ. ಬುತ್ತಿ ತಪ್ಪಿದರೆ ಪಯಣವೂ ತಪ್ಪೀತು.

ಈ ಮಾತು ನಮ್ಮೂರಿಗೂ ಸಂಬಂಧಿಸಿದ್ದು. ಏರೋಪ್ಲೇನ್ ಚಿಟ್ಟೆಯ ಮರಿ ಬೆಳೆಯಲು ಮಳೆನೀರು ನಿಂತ ಹೊಂಡ, ಗದ್ದೆಗಳು ಒಂದೆರಡು ತಿಂಗಳು ಉಳಿದರೆ ಸಾಕು. ಅಲ್ಲಿ ಅದು ಸೊಳ್ಳೆಯ ಮರಿಗಳನ್ನೂ ತಿಂದು ನಮಗೆ ಉಪಕಾರ ಮಾಡುತ್ತದೆ. ಗದ್ದೆಗೆ ಮಣ್ಣು ತುಂಬಿ ಸೈಟು ಮಾಡಿದಾಗ, ಹೊಳೆದಂಡೆಯ ಕಾಂಡ್ಲಾ ಕಡಿದಾಗ ನಮಗೆ ಕಾಣುವುದು ಒಂದು ತುಂಡು ಭೂಮಿ ಮಾತ್ರ. ಖಂಡಗಳನ್ನು ದಾಟುವ ಜೀವಕ್ಕೆ ಅದು ದಾರಿಯ ತಂಗುದಾಣ.

ದುರ್ಬೀನು ಇಲ್ಲದಿದ್ದರೂ ಚಿಂತೆಯಿಲ್ಲ. ಈ ಸಲ ಮೊದಲ ಗೊರವ, ಮೊದಲ ಚಿಟ್ಟೆಗಳ ಗುಂಪು ಕಂಡ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ನಾಲ್ಕಾರು ವರ್ಷ ಹಾಗೆ ಬರೆದಿಟ್ಟರೆ, ಯಾರು ಬರುತ್ತಿದ್ದಾರೆ, ಯಾರು ಬರುವುದನ್ನು ಬಿಟ್ಟರು ಎಂಬುದು ನಮಗೇ ತಿಳಿದೀತು.