ವಿದ್ಯಾಲಯ, ಆಯುಧ ಮತ್ತು ಹುಲ್ಲುಗಾವಲು

(ಪೆರೇಸಂದ್ರದಲ್ಲಿ ರೈತರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪೆರೇಸಂದ್ರದಿಂದ ಹೆದ್ದಾರಿ ಹಿಡಿದು ಬೆಂಗಳೂರಿನತ್ತ ಹೊರಟವರಿಗೆ ದೇವನಹಳ್ಳಿಯಾಚೆ ಯಲಹಂಕದ ವಾಯುನೆಲೆ ಎದುರಾಗುತ್ತದೆ. ಅಲ್ಲಿ 1996ರಲ್ಲಿ ಆರಂಭವಾದ ವೈಮಾನಿಕ ಪ್ರದರ್ಶನವನ್ನು ಕಾಣಲು ಈ ಭಾಗದ ಮಕ್ಕಳೂ ಹೋಗುವುದುಂಟು. ಮಕ್ಕಳ ಪಾಲಿಗೆ ಅದು ವಿಮಾನಗಳ ಜಾತ್ರೆ. ಆಯುಧ ತಯಾರಕರ ಪಾಲಿಗೆ ವ್ಯಾಪಾರದ ಸಂತೆ. ಆ ಸಂತೆಯ ಹಿಂದಿರುವ ವಿದ್ಯೆ ಎಲ್ಲಿ ಹುಟ್ಟುತ್ತದೆ, ಅದಕ್ಕೆ ಬೆಲೆ ತೆರುವವರು ಯಾರು ಎಂಬುದೇ ಇಂದಿನ ವಿಚಾರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಗೊಂಡಿತು. ಜಮಶೇಟ್‌ಜಿ ಟಾಟಾ ಅವರ ಸಂಕಲ್ಪಕ್ಕೆ ಮೈಸೂರು ಸಂಸ್ಥಾನ ಭೂಮಿ ನೀಡಿತು. ಎರಡನೆಯ ಮಹಾಯುದ್ಧದ ನಡುವೆ, 1940ರಲ್ಲಿ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ನಗರದಲ್ಲಿ ತಲೆಯೆತ್ತಿತು. 1942ರಲ್ಲಿ ಸಂಸ್ಥೆಯಲ್ಲಿ ವೈಮಾನಿಕ ವಿಭಾಗ ತೆರೆಯಿತು. ಕಾರ್ಖಾನೆಗೂ ಪ್ರಯೋಗಾಲಯಕ್ಕೂ ನಡುವಣ ನಂಟು ಅಷ್ಟು ಹಳೆಯದು. ಇದರಿಂದ ದೇಶಕ್ಕೆ ಲಾಭವಾಗಿಲ್ಲವೆನ್ನುವುದು ಸುಳ್ಳಾದೀತು. ಗಡಿ ಕಾಯುವ ಸೈನಿಕನಿಗೆ ಒಳ್ಳೆಯ ಸಾಧನ ಬೇಡವೆಂದು ಯಾವ ರೈತನೂ ಹೇಳುವುದಿಲ್ಲ. ಆ ಸೈನಿಕರಲ್ಲಿ ರೈತರ ಮಕ್ಕಳೇ ಬಹಳ. ಆದರೆ ರಕ್ಷಣೆ ಬೇಕು ಎಂಬ ಮಾತು, ವಿದ್ಯಾಲಯ ಮಾಡುವ ಪ್ರತಿಯೊಂದು ಒಪ್ಪಂದಕ್ಕೂ ಮುಂಗಡ ಸಮ್ಮತಿಯಲ್ಲ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ನಡೆದದ್ದು ಇದಕ್ಕೆ ನಿದರ್ಶನ. ಅಲ್ಲಿಯ ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದವು. ಹೈದರ್ ಮತ್ತು ಟಿಪ್ಪುವಿನ ಫಿರಂಗಿಗಳನ್ನು ಎಳೆದ ಎತ್ತುಗಳ ತಳಿ ಮೇಯ್ದದ್ದು ಇಂಥ ಕಾವಲುಗಳಲ್ಲೇ. ಎಂದರೆ, ಸೇನೆಗೂ ಈ ಹುಲ್ಲಿಗೂ ಸಂಬಂಧ ಹೊಸದಲ್ಲ. ಆದರೆ ಅಂದಿನ ಸೇನೆಗೆ ಹುಲ್ಲು ಹುಲ್ಲಾಗಿಯೇ ಉಳಿಯಬೇಕಿತ್ತು. ಕಾಲಕ್ರಮದಲ್ಲಿ ಸುತ್ತಲ ಹಳ್ಳಿಗಳ ದನಕುರಿಗಳಿಗೂ, ಕಂಬಳಿ ನೇಯುವವರಿಗೂ, ಕೃಷ್ಣಮೃಗಕ್ಕೂ ಅದೇ ಆಸರೆಯಾಯಿತು.

2008ರ ನಂತರ ಈ ಚಿತ್ರ ಬದಲಾಯಿತು. ವಿಜ್ಞಾನ ಸಂಸ್ಥೆಗೆ ಖುದಾಪುರದ ಬಳಿ 1,500 ಎಕರೆ, ಡಿ.ಆರ್.ಡಿ.ಒ.ಗೆ ಮಾನವರಹಿತ ವಿಮಾನಗಳ ಪರೀಕ್ಷೆಗೆಂದು 4,290 ಎಕರೆ, ಜೊತೆಗೆ ಅಣುಶಕ್ತಿ ಮತ್ತು ಬಾಹ್ಯಾಕಾಶ ಸಂಸ್ಥೆಗಳಿಗೂ ಭೂಮಿ ಮಂಜೂರಾಯಿತು. ಹಳ್ಳಿಗರಲ್ಲಿ ಅನೇಕರಿಗೆ ವಿಷಯ ತಿಳಿದದ್ದು ಬೇಲಿ ಏಳತೊಡಗಿದ ಮೇಲೆ. ಪ್ರಕರಣ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. 2014ರಲ್ಲಿ ಷರತ್ತುಗಳೊಡನೆ ಯೋಜನೆಗಳು ಉಳಿದುಕೊಂಡವು. 2017ರಲ್ಲಿ ಪರೀಕ್ಷಾ ಕೇಂದ್ರ ಉದ್ಘಾಟನೆಗೊಂಡಿತು. 2019ರ ಸೆಪ್ಟೆಂಬರ್‌ನಲ್ಲಿ ಪರೀಕ್ಷಾರ್ಥ ಹಾರಾಟದ ವಿಮಾನವೊಂದು ಜೋಡಿಚಿಕ್ಕೇನಹಳ್ಳಿಯ ಬಳಿ ಹೊಲದಲ್ಲಿ ಬಿದ್ದಿತು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿಯೂ ನಡೆಯುತ್ತದೆ, ಎಚ್.ಎ.ಎಲ್. ನೆರವಿನ ಕೌಶಲ್ಯ ಕೇಂದ್ರವೂ ಅಲ್ಲಿದೆ. ಒಳಿತು ಮತ್ತು ಆಯುಧ ಹೀಗೆ ಒಂದೇ ನೆರೆಯಲ್ಲಿ ಬೆಳೆದಾಗ ಒಂದನ್ನು ತೋರಿಸಿ ಇನ್ನೊಂದರ ಪ್ರಶ್ನೆಯನ್ನು ಮುಚ್ಚಿಹಾಕುವುದು ಸುಲಭ.

ಕೃಷಿ ವಿದ್ಯಾರ್ಥಿಗಳು ತಮ್ಮದು ನಿರಪಾಯದ ವಿದ್ಯೆಯೆಂದು ನೆಮ್ಮದಿಯಿಂದಿರಲು ಬರುವಂತಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1943ರಲ್ಲಿ ಆರ್ಥರ್ ಗಾಲ್‌ಸ್ಟನ್ ಎಂಬ ಸಸ್ಯವಿಜ್ಞಾನಿ ಸೋಯಾ ಅವರೆ ಬೇಗ ಹೂ ಬಿಡುವಂತೆ ಮಾಡುವ ರಾಸಾಯನಿಕವೊಂದನ್ನು ಅಭ್ಯಸಿಸಿದರು. ಪ್ರಮಾಣ ಹೆಚ್ಚಾದರೆ ಗಿಡದ ಎಲೆಗಳೇ ಉದುರುತ್ತಿದ್ದವು. ಸೇನೆಯ ಸಂಶೋಧಕರ ಕಣ್ಣು ಬಿದ್ದದ್ದು ಹೂವಿನ ಮೇಲಲ್ಲ, ಉದುರಿದ ಎಲೆಯ ಮೇಲೆ. ಎಲೆ ಉದುರಿಸುವ ಆಯುಧಗಳ ಶೋಧ ಮುಂದೆ ವಿಯೆಟ್ನಾಮಿನ ಕಾಡುಗಳವರೆಗೆ ಸಾಗಿತು. ಅಲ್ಲಿ ಸುರಿದ ಕಳೆನಾಶಕ 7 ಕೋಟಿ ಲೀಟರಿಗೂ ಅಧಿಕ. ಗಾಲ್‌ಸ್ಟನ್ ಸುಮ್ಮನಿರಲಿಲ್ಲ. ಇತರ ವಿಜ್ಞಾನಿಗಳೊಡನೆ ಸೇರಿ ಅದರ ವಿರುದ್ಧ ದನಿಯೆತ್ತಿದರು. 1971ರಲ್ಲಿ ಆ ಸಿಂಪಡಣೆ ನಿಂತಿತು.

ಇಂಥ ನಂಟನ್ನು ಪ್ರಶ್ನಿಸಿದ ವಿದ್ಯಾಲಯಗಳೂ ಇವೆ. ಅಮೆರಿಕದ ಎಂ.ಐ.ಟಿ.ಯಲ್ಲಿ 1969ರ ಮಾರ್ಚ್ 4ರಂದು ವಿದ್ಯಾರ್ಥಿಗಳೂ ಅಧ್ಯಾಪಕರೂ ಸಂಶೋಧನೆ ನಿಲ್ಲಿಸಿ ಚರ್ಚೆಗೆ ಕುಳಿತರು. ಕ್ಷಿಪಣಿ ಮಾರ್ಗದರ್ಶನದ ಪ್ರಯೋಗಾಲಯ 1973ರಲ್ಲಿ ವಿಶ್ವವಿದ್ಯಾಲಯದಿಂದ ಬೇರ್ಪಟ್ಟಿತು. ಪ್ರಯೋಗಾಲಯವೇನೂ ಮುಚ್ಚಲಿಲ್ಲ, ಕೆಲಸ ಮುಂದುವರಿಯಿತು. ಆದರೆ ವಿದ್ಯೆ ಯಾವುದು, ಗುತ್ತಿಗೆ ಯಾವುದು ಎಂಬ ಗೆರೆ ಸ್ಪಷ್ಟವಾಯಿತು. ಜಪಾನಿನ ವಿಜ್ಞಾನ ಮಂಡಳಿ 1950 ಮತ್ತು 1967ರಲ್ಲಿ ಯುದ್ಧೋದ್ದೇಶದ ಸಂಶೋಧನೆ ಬೇಡವೆಂದು ಸಾರಿತ್ತು. 2017ರಲ್ಲಿ ಆ ನಿಲುವನ್ನು ಮತ್ತೆ ಎತ್ತಿಹಿಡಿಯಿತು.

ಆದ್ದರಿಂದ ವಿದ್ಯಾರ್ಥಿಗಳು ತಮ್ಮ ಕಾಲೇಜಿಗೆ ಇಂಥ ಒಪ್ಪಂದ ಬಂದಾಗ ಮೂರು ಪ್ರಶ್ನೆ ಕೇಳಲಿ. ಸಂಶೋಧನೆಯ ಫಲವನ್ನು ಎಲ್ಲರೂ ಓದುವಂತೆ ಪ್ರಕಟಿಸಬಹುದೇ? ಆ ಕೆಲಸ ಒಲ್ಲೆನೆಂದ ವಿದ್ಯಾರ್ಥಿಗೆ ಪದವಿಯಲ್ಲಾಗಲಿ ವೇತನದಲ್ಲಾಗಲಿ ನಷ್ಟವಾಗದೇ? ಅದಕ್ಕಾಗಿ ನೆಲ, ನೀರು, ಹುಲ್ಲು ಬಿಟ್ಟುಕೊಡುವವರನ್ನು ಮೊದಲೇ ಕೇಳಲಾಗಿದೆಯೇ? ಮೂರಕ್ಕೂ ನೇರ ಉತ್ತರ ಸಿಕ್ಕರೆ ಒಪ್ಪಂದದ ಗುಣದೋಷ ಚರ್ಚಿಸಬಹುದು. ಸಿಗದಿದ್ದರೆ ಅದು ವಿದ್ಯಾಲಯದ ಕೆಲಸವಲ್ಲ, ವಿದ್ಯಾಲಯದ ಹೆಸರಿನಲ್ಲಿ ನಡೆಯುವ ಕಾರ್ಖಾನೆಯ ಕೆಲಸ.

ಹಳ್ಳಿಗರಿಗೂ ಇಲ್ಲಿ ಪಾತ್ರವಿದೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ವೈಮಾನಿಕ ಉದ್ಯಮಕ್ಕೆಂದು ಗುರುತಿಸಿದ್ದ 1,777 ಎಕರೆಗಾಗಿ ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಘೋಷಿಸಿತು. ಗೋಮಾಳದ ದಾಖಲೆ ಊರಿನವರ ಕೈಯಲ್ಲಿದ್ದು, ಗ್ರಾಮಸಭೆಯಲ್ಲಿ ಅದರ ಮಾತು ನಡೆಯುತ್ತಿದ್ದರೆ ಬೇಲಿ ಬರುವ ಮೊದಲೇ ಪ್ರಶ್ನೆ ಏಳುತ್ತದೆ. ಈ ಊರುಗಳಿಂದ ನಾಳೆ ಪ್ರಯೋಗಾಲಯ ಸೇರುವ ಮಕ್ಕಳು ಆ ಪ್ರಶ್ನೆಯನ್ನು ಜೊತೆಗೆ ಒಯ್ಯಲಿ.